ಶಿಡ್ಲಘಟ್ಟಕ್ಕೊಬ್ಬ ಗೀಳು ಚಿಕಿತ್ಸಕ ಬೇಕು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಗೀಳು ಕಾಯಿಲೆ ಮನೆಯವರ ಕಣ್ಣಿಗೆ ಬೀಳುವುದು ಕೆಲವೊಮ್ಮೆ ನೀರಿನ ಲೆಕ್ಕದಲ್ಲಿ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ, ಸಾವಿರ ಅಡಿ ಕೊರೆದರೂ ನೀರು ಬೀಳುವ ಖಾತ್ರಿಯಿಲ್ಲದ ಸೀಮೆ ಇದು. ಟ್ಯಾಂಕರ್ ತರಿಸಿ ತುಂಬಿಸಿದ ಸಂಪು ನಾಲ್ಕು ದಿನ ಬರಬೇಕಾದದ್ದು ಒಂದೂವರೆ ದಿನಕ್ಕೇ ತಳ ಕಂಡರೆ, ಬಚ್ಚಲಲ್ಲಿ ಅಷ್ಟು ಹೊತ್ತು ಇರುವವರು ಯಾರು ಎಂದು ಮನೆಯವರು ಗಮನಿಸತೊಡಗುತ್ತಾರೆ. ಮೊದಲು ಬೈಗುಳ, ಆಮೇಲೆ ಜಗಳ. ಶಾಸ್ತ್ರ ಕೇಳಿದ್ದಾಯಿತು, ಮುರುಗಮಲ್ಲದ ದರ್ಗಾಕ್ಕೋ ಊರ ದೇವರ ಗುಡಿಗೋ ಹೋಗಿ ಬಂದದ್ದಾಯಿತು. ಕೊನೆಗೆ ಯಾರೋ ತಿಳಿದವರು, ‘ಒಂದ್ಸಲ ನಿಮ್ಹಾನ್ಸ್‌ಗೆ ತೋರಿಸಿ’ ಎನ್ನುತ್ತಾರೆ.

ನಿಮ್ಹಾನ್ಸ್ ನಮಗೆ ದೂರವೇನಲ್ಲ. ಗೌರಿಬಿದನೂರಿನಿಂದ ರೈಲಿದೆ; ಚಿಂತಾಮಣಿ, ಶಿಡ್ಲಘಟ್ಟದಿಂದ ಬಸ್ಸಿದೆ; ಚಿಕ್ಕಬಳ್ಳಾಪುರದವರಿಗಂತೂ ಬೆಂಗಳೂರು ಒಂದೂವರೆ ಗಂಟೆಯ ದಾರಿ. ಹೊಸೂರು ರಸ್ತೆಯ ಆ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಗೀಳಿಗೆ, ಅಂದರೆ ಓಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಡಾ. ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಂಗಡಿಗರು ಅದನ್ನು ಈ ಕಾಯಿಲೆಯ ಚಿಕಿತ್ಸೆ, ಸಂಶೋಧನೆ ಎರಡರಲ್ಲೂ ದೇಶದ ಮುಂಚೂಣಿ ಕೇಂದ್ರವಾಗಿ ಬೆಳೆಸಿದ್ದಾರೆ. ರೋಗ ಯಾವುದೆಂದು ಅಲ್ಲಿ ಗೊತ್ತಾಗುತ್ತದೆ, ಮಾತ್ರೆಯೂ ಸಿಗುತ್ತದೆ. ತೊಡಕಿರುವುದು ಅದರ ನಂತರ. ಗೀಳಿನ ಮಾತಿನ ಚಿಕಿತ್ಸೆ ಒಂದು ಭೇಟಿಯಲ್ಲಿ ಮುಗಿಯುವುದಿಲ್ಲ. ವಾರಕ್ಕೆ ಒಂದು ಅಥವಾ ಎರಡರಂತೆ ಹದಿನೈದಿಪ್ಪತ್ತು ಸಲ ಕೂರಬೇಕು. ಎರಡು ವಾರ ಹೋದವರು ಮೂರನೇ ವಾರ ರೇಷ್ಮೆ ಹುಳು ಹಣ್ಣಾಗಿದೆ ಎಂದೋ, ಟೊಮೆಟೊ ಕೊಯ್ಲು ಎಂದೋ, ಜೊತೆಗೆ ಹೋಗಲು ಯಾರಿಗೂ ಬಿಡುವಿಲ್ಲವೆಂದೋ ತಪ್ಪಿಸುತ್ತಾರೆ. ಅಲ್ಲಿಗೆ ಚಿಕಿತ್ಸೆ ನಿಂತಂತೆಯೇ.

ಹಾಗಾಗಿ ನಮ್ಮ ತಾಲ್ಲೂಕುಗಳಿಗೆ ಬೇಕಾಗಿರುವುದು ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲ. ಈ ಊರಿನ ಮಾತು, ಕಸುಬು, ಮಡಿ ಎಲ್ಲ ಬಲ್ಲ, ಗೀಳಿನ ಚಿಕಿತ್ಸೆಯನ್ನು ಕ್ರಮವಾಗಿ ಕಲಿತ, ವಾರ ವಾರ ಕೈಗೆ ಸಿಗುವ ಒಬ್ಬ ಥೆರಪಿಸ್ಟ್. ಮನಃಶಾಸ್ತ್ರ ಓದುತ್ತಿರುವ, ಓದಿ ಮುಂದೇನೆಂದು ತೋಚದೆ ಕೂತಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ. ಗೀಳು ಇರುವ ಮನೆಯವರಿಗೂ ಇದರಲ್ಲಿ ಬೇಕಾದದ್ದಿದೆ.

ಕಾಯಿಲೆ ಎಂದರೆ ಯಾವುದು

ಬೇಡವೆಂದರೂ ಮತ್ತೆ ಮತ್ತೆ ನುಗ್ಗುವ ಯೋಚನೆ, ಚಿತ್ರ ಅಥವಾ ಒತ್ತಡ. ಅದು ಹುಟ್ಟಿಸುವ ತಳಮಳವನ್ನು ಕಳೆಯಲು ಮಾಡಲೇಬೇಕಾದ ಒಂದು ಕ್ರಿಯೆ. ಈ ಎರಡರ ಸುತ್ತಾಟವೇ ಗೀಳು. ಕ್ರಿಯೆ ಮಾಡಿದ ಕ್ಷಣ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಮುಂದಿನ ಸಲ ಯೋಚನೆಗೆ ಇನ್ನಷ್ಟು ಬಲ ಕೊಡುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಅಥವಾ ಓದು, ದುಡಿಮೆ, ಸಂಸಾರಕ್ಕೆ ಅಡ್ಡಿಯಾಗುತ್ತಿದ್ದರೆ ಅದನ್ನು ಕಾಯಿಲೆ ಎನ್ನುತ್ತಾರೆ. ಮನೆಗಳಲ್ಲಿ ‘ಮಡಿ ಹುಚ್ಚು’, ‘ಅನುಮಾನದ ಬುದ್ಧಿ’, ತೆಲುಗು ಮಾತಾಡುವ ಕಡೆ ‘ಚಾದಸ್ತಂ’ ಎಂದು ತಳ್ಳಿಹಾಕುವುದು ಇದನ್ನೇ.

ತೊಳೆಯುವುದು ಎಲ್ಲರಿಗೂ ಗೊತ್ತಿರುವ ರೂಪ. ಪರೀಕ್ಷಿಸುವ ಗೀಳು ಅಷ್ಟೇ ಸಾಮಾನ್ಯ: ಗ್ಯಾಸ್, ಬೀಗ, ಮೋಟರ್ ಸ್ಟಾರ್ಟರ್. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ರೈತ ಒಮ್ಮೆ ತೋಟಕ್ಕೆ ಹೋಗಿ ಸ್ಟಾರ್ಟರ್ ನೋಡಿ ಬರುವುದು ಬೇಸಾಯ. ಆಫ್ ಮಾಡಿದ್ದನ್ನು ಕಣ್ಣಾರೆ ಕಂಡು ಮನೆಗೆ ಬಂದವನು ಹಾಸಿಗೆಯಿಂದೆದ್ದು ಟಾರ್ಚ್ ಹಿಡಿದು ಮತ್ತೆ ನಾಲ್ಕು ಸಲ ಹೊಲಕ್ಕೆ ಹೋದರೆ ಅದು ಬೇರೆ. ಕೆಲವರಿಗೆ ಎಣಿಸಬೇಕು, ಕೆಲವರಿಗೆ ಎಲ್ಲವೂ ಒಂದೇ ಸಮ ಇರಬೇಕು.

ಹೊರಗೆ ಕಾಣದ ಗೀಳುಗಳು ಇನ್ನೂ ಕಷ್ಟದವು. ಭೋಗನಂದೀಶ್ವರನ ಎದುರು ಕೈಮುಗಿದು ನಿಂತಾಗಲೇ ದೇವರ ಬಗ್ಗೆ ಅಸಹ್ಯ ಯೋಚನೆ ಬರುವುದು, ನಮಾಜಿಗೆ ನಿಂತಾಗ ಬೈಗುಳ ನಾಲಿಗೆಯ ತುದಿಗೆ ಬಂದಂತಾಗುವುದು, ಹಸುಗೂಸನ್ನು ಎತ್ತಿಕೊಂಡ ತಾಯಿಗೆ ‘ಇದನ್ನು ಎಸೆದುಬಿಟ್ಟರೆ’ ಎನಿಸುವುದು. ಆ ತಾಯಿ ಹಾಗೆ ಮಾಡುವವಳಲ್ಲ. ಮಾಡಿಬಿಟ್ಟೇನೆಂಬ ಭಯಕ್ಕೆ ಮಗುವನ್ನೇ ಮುಟ್ಟದೆ ದೂರ ಕೂರುವವಳು. ಇಂಥವರು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಥೆರಪಿಸ್ಟ್ ಆಗುವವರು ಮೊದಲ ಪಾಠವಾಗಿ ಇದನ್ನು ಕಲಿಯಬೇಕು: ಇಂಥ ಮಾತು ಕೇಳಿದಾಗ ಮುಖದಲ್ಲಿ ಗಾಬರಿ ಕಾಣಿಸಬಾರದು. ಎದುರಿಗಿರುವವರು ಮಾತಿಗಿಂತ ಮುಖವನ್ನೇ ಓದುತ್ತಿರುತ್ತಾರೆ.

ಎಷ್ಟು ಜನರಿಗಿದೆ? ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ 0.8ರಷ್ಟು ಮಂದಿಗೆ. ಆ ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದರ ಪೂರ್ವಭಾವಿ ಅಧ್ಯಯನ ಮಾತ್ರ ನಮ್ಮ ಪಕ್ಕದ ಕೋಲಾರದಲ್ಲಿ ನಡೆದಿತ್ತು. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12.55 ಲಕ್ಷ. ವಯಸ್ಕರು ಎಂಟು ಲಕ್ಷ ಎಂದು ಹಿಡಿದು ದೇಶದ ಸರಾಸರಿಯನ್ನೇ ಹಚ್ಚಿದರೂ ಆರು ಸಾವಿರ ದಾಟುತ್ತದೆ. ಮಕ್ಕಳು ಈ ಲೆಕ್ಕದಲ್ಲಿಲ್ಲ. ಆದರೆ ಸುಮಾರು ಕಾಲು ಭಾಗ ಜನರಿಗೆ ಕಾಯಿಲೆ ಶುರುವಾಗುವುದೇ ಹದಿನಾಲ್ಕು ತುಂಬುವುದರೊಳಗೆ. ಅದೇ ಸಮೀಕ್ಷೆ ಹೇಳುವಂತೆ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92. ಕೆಲಸ ಎಷ್ಟಿದೆ ಎಂಬುದಕ್ಕೆ ಇಷ್ಟು ಸಾಕು.

ಕೆಲಸದ ಒಳಗೆ

ಗೀಳಿಗೆ ಇಂದು ಎಲ್ಲಕ್ಕಿಂತ ಹೆಚ್ಚು ಪುರಾವೆಯಿರುವ ಮಾತಿನ ಚಿಕಿತ್ಸೆ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇ.ಆರ್.ಪಿ. ಭಯ ಹುಟ್ಟಿಸುವುದನ್ನು ಹಂತ ಹಂತವಾಗಿ ಎದುರಿಸುವುದು, ಎದುರಿಸಿದ ಮೇಲೆ ತೊಳೆಯುವ, ನೋಡುವ, ಜಪಿಸುವ ಕ್ರಿಯೆಯನ್ನು ಮಾಡದೆ ತಡೆಹಿಡಿಯುವುದು, ಇಷ್ಟೇ ಇದರ ಸಾರ. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ ಬರೆದರು. ಅಲ್ಲಿಯವರೆಗೆ ಗೀಳು ವಾಸಿಯಾಗದ ಕಾಯಿಲೆ ಎಂದೇ ವೈದ್ಯರ ನಂಬಿಕೆ. ಆಮೇಲೆ ಸ್ಟ್ಯಾನ್ಲಿ ರ್‍ಯಾಕ್‌ಮನ್, ಐಸಾಕ್ ಮಾರ್ಕ್ಸ್, ಎಡ್ನಾ ಫೋವಾ ಮುಂತಾದವರು ಅದನ್ನು ಬೆಳೆಸಿದರು. ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಣನೀಯವಾಗಿ ಸುಧಾರಿಸುತ್ತಾರೆ. ಬೇಡವೆಂದು ಹಿಂದೆ ಸರಿಯುವವರೂ ಸಾಕಷ್ಟು ಜನ. ಅವರನ್ನು ಹಿಡಿದುಕೊಳ್ಳುವುದೇ ಈ ವೃತ್ತಿಯ ದೊಡ್ಡ ಕೌಶಲ.

ಚಿಕಿತ್ಸೆ ಹೇಗೆ ನಡೆಯುತ್ತದೆಂದು ನೋಡಲು ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಬೆಳೆಗಾರರ ಮನೆಯನ್ನು ಊಹಿಸಿಕೊಳ್ಳೋಣ. ಮೂವತ್ತು ದಾಟಿದ ಗೃಹಿಣಿ, ಎರಡು ಮಕ್ಕಳು. ಕೈ ತೊಳೆದು ತೊಳೆದು ಬೆರಳ ಸಂದಿ ಬಿರಿದಿದೆ. ಇಲ್ಲಿ ಬೆಂಗಳೂರಿನ ಥೆರಪಿಸ್ಟ್ ಎಡವುವ ಜಾಗವೊಂದಿದೆ. ಹುಳುಮನೆಗೆ ಕಾಲಿಡುವ ಮೊದಲು ಕೈಕಾಲು ತೊಳೆಯುವುದು, ಬ್ಲೀಚಿಂಗ್ ಪೌಡರ್, ಸುಣ್ಣ ಬಳಸುವುದು, ಬೆಳೆ ಮುಗಿದ ಮೇಲೆ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ಸೋಂಕು ನಿವಾರಕದಲ್ಲಿ ತೊಳೆದು ಬಿಸಿಲಿಗೆ ಹಾಕುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಇವೆಲ್ಲ ರೇಷ್ಮೆ ಇಲಾಖೆಯವರೇ ಹೇಳಿಕೊಟ್ಟ ಪಾಠ. ಹಾಲುತೊಂಡೆಯೋ ಸಪ್ಪೆ ರೋಗವೋ ತಗುಲಿದರೆ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವೂ ಗೂಡು ಕಟ್ಟದೆ ಸಾಯುತ್ತದೆ. ತಿಂಗಳ ದುಡಿಮೆ ತಿಪ್ಪೆಗೆ. ಅಂಥ ಮನೆಯಲ್ಲಿ ‘ಇಷ್ಟೊಂದು ಯಾಕೆ ತೊಳೀತೀರಿ’ ಎಂದು ಕೇಳುವವನಿಗೆ ಆ ಕಸುಬೇ ಗೊತ್ತಿಲ್ಲವೆಂದು ಆಕೆ ಒಂದೇ ನಿಮಿಷದಲ್ಲಿ ತೀರ್ಮಾನಿಸುತ್ತಾಳೆ.

ಕೇಳಬೇಕಾದ ಪ್ರಶ್ನೆ ಬೇರೆ. ಹುಳು ಹಣ್ಣಾಗಿ ಚಂದ್ರಿಕೆಗೆ ಹೋಗಿ, ಗೂಡು ಮಾರುಕಟ್ಟೆ ಸೇರಿ, ಮನೆ ಖಾಲಿಯಾದ ಮೇಲೂ ತೊಳೆಯುವುದು ಮುಂದುವರಿದಿದೆಯೇ? ಅದೇ ಕೆಲಸ ಮಾಡುವ ಓರಗಿತ್ತಿ ಎಷ್ಟು ಸಲ ತೊಳೆಯುತ್ತಾಳೆ? ಬೆಳೆಯ ಜೊತೆಗೆ ತೊಳೆಯುವುದೂ ನಿಂತರೆ ಅದು ಕಸುಬು. ಹುಳದ ರೋಗ ತನ್ನ ಕೈಯಿಂದ ಮಕ್ಕಳಿಗೆ ಅಂಟುತ್ತದೆಂದು ಬೆಳೆಯಿಲ್ಲದ ತಿಂಗಳಲ್ಲೂ ದಿನಕ್ಕೆ ಮೂರು ಗಂಟೆ ನಲ್ಲಿಯ ಮುಂದೆ ನಿಂತರೆ ಗೀಳು. ಆ ರೋಗ ಮನುಷ್ಯರಿಗೆ ಬರುವುದಿಲ್ಲವೆಂದು ಆಕೆಗೂ ಗೊತ್ತು. ಗೊತ್ತಿರುವುದರಿಂದ ಏನೂ ಆಗುವುದಿಲ್ಲ, ಅದೇ ಈ ಕಾಯಿಲೆಯ ಹಿಂಸೆ.

ಮೊದಲ ಎರಡು ಮೂರು ಭೇಟಿ ಅಳತೆಗೆ ಹೋಗುತ್ತದೆ. ಇದಕ್ಕೆ ಜಗತ್ತಿನಾದ್ಯಂತ ಬಳಸುವುದು 1989ರಲ್ಲಿ ಪ್ರಕಟವಾದ ಯೇಲ್–ಬ್ರೌನ್ ಮಾಪಕ. ಹತ್ತು ಪ್ರಶ್ನೆ, ಸೊನ್ನೆಯಿಂದ ನಲವತ್ತರವರೆಗೆ ಅಂಕ. ಹದಿನಾರು ಮುಟ್ಟಿದರೆ ಮಧ್ಯಮ, ಇಪ್ಪತ್ತನಾಲ್ಕು ಮುಟ್ಟಿದರೆ ತೀವ್ರ. ಆಮೇಲೆ ಆಕೆಯ ಜೊತೆ ಕೂತು ಭಯದ ಮೆಟ್ಟಿಲು ಬರೆಯುವುದು, ಒಂದೊಂದಕ್ಕೂ ನೂರಕ್ಕೆ ಎಷ್ಟು ತಳಮಳ ಎಂದು ಆಕೆಯಿಂದಲೇ ಅಂಕ ಹಾಕಿಸುವುದು. ಹೊಸ್ತಿಲಾಚೆ ಬಿಟ್ಟ ಚಪ್ಪಲಿ ಮುಟ್ಟುವುದು, ಮೂವತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬಂದ ಸೀರೆಯಲ್ಲೇ ಅಡುಗೆಮನೆಗೆ ಹೋಗುವುದು, ನಲವತ್ತೈದು. ಅಂಗಡಿಯವನು ಕೊಟ್ಟ ಚಿಲ್ಲರೆ ಎಣಿಸಿ ಕೈ ತೊಳೆಯದಿರುವುದು, ಅರವತ್ತು. ಖಾಲಿ ಹುಳುಮನೆಯ ಗೋಡೆ ಸವರಿದ ಕೈಯಲ್ಲಿ ಮಗುವಿನ ಅಂಗಿ ಮಡಚುವುದು, ಎಪ್ಪತ್ತೈದು. ಎಲ್ಲರಂತೆ ಒಮ್ಮೆ ಕೈ ತೊಳೆದು, ಎರಡನೇ ಸಲ ತೊಳೆಯದೆ ಮುದ್ದೆ ಕಟ್ಟಿ ಮಕ್ಕಳಿಗೆ ಬಡಿಸುವುದು, ತೊಂಬತ್ತೈದು.

ಗಮನಿಸಿ, ಬೆಳೆ ಇರುವಾಗ ಹುಳುಮನೆಗೆ ತೊಳೆಯದ ಕೈಯಲ್ಲಿ ಹೋಗುವುದು ಈ ಪಟ್ಟಿಯಲ್ಲಿಲ್ಲ. ಅದು ಯಾರೂ ಮಾಡಬಾರದ ಕೆಲಸ. ಊರಿನ ಆರೋಗ್ಯವಂತರು ಸಹಜವಾಗಿ ಮಾಡುವುದನ್ನು ಆಕೆಯೂ ಮಾಡುವಂತಾಗಬೇಕು, ಅಷ್ಟೇ ಗುರಿ.

ಕೆಳಗಿನ ಮೆಟ್ಟಿಲಿಂದ ಶುರು. ಚಪ್ಪಲಿಯನ್ನು ಮೊದಲು ಥೆರಪಿಸ್ಟ್ ತಾನೇ ಮುಟ್ಟುತ್ತಾರೆ. ಆಕೆ ಮುಟ್ಟುತ್ತಾಳೆ. ಕೈ ತೊಳೆಯುವಂತಿಲ್ಲ, ಸೆರಗಿಗೆ ಒರೆಸುವಂತಿಲ್ಲ, ಮನಸ್ಸಿನಲ್ಲಿ ‘ಏನೂ ಆಗಲ್ಲ’ ಎಂದು ಜಪಿಸುವಂತೆಯೂ ಇಲ್ಲ. ಐದೈದು ನಿಮಿಷಕ್ಕೊಮ್ಮೆ ಅಂಕ ಕೇಳಿ ಬರೆದುಕೊಳ್ಳುವುದು. ಮೂವತ್ತು ಎಂದಿದ್ದು ನಲವತ್ತಕ್ಕೇರುತ್ತದೆ, ಅಲ್ಲೇ ನಿಲ್ಲುತ್ತದೆ, ಮುಕ್ಕಾಲು ಗಂಟೆಯಲ್ಲಿ ಹದಿನೈದಕ್ಕೆ ಇಳಿಯಬಹುದು. ಇಳಿಯದಿದ್ದರೂ ನಷ್ಟವಿಲ್ಲ; ತಳಮಳ ಇಟ್ಟುಕೊಂಡೇ ಕೂರಬಲ್ಲೆ ಎಂದು ಆಕೆಗೆ ಗೊತ್ತಾಯಿತಲ್ಲ, ಕಲಿಯಬೇಕಾದದ್ದು ಅದು. ಅದನ್ನೇ ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕು. ಒಂದು ಭೇಟಿ ತೊಂಬತ್ತು ನಿಮಿಷದವರೆಗೂ ಹೋಗಬಹುದು. ಮೆಟ್ಟಿಲು ಹಾರಿಸುವುದು, ಹೇಳದೆ ಮುಟ್ಟಿಸುವುದು, ಬಲವಂತ, ಇವು ಮೂರೂ ಚಿಕಿತ್ಸೆಯಲ್ಲ. ಆಕೆ ಬೇಡವೆಂದ ದಿನ ಬೇಡ.

ಇಂಥ ಹೊತ್ತಿನಲ್ಲಿ ಆಕೆ ಕೇಳುವುದು ಒಂದೇ ಮಾತು: ‘ಏನೂ ಆಗಲ್ಲ ಅಲ್ವಾ ಮೇಡಂ?’ ಮನೆಯಲ್ಲಿ ಗಂಡ, ಅತ್ತೆ ಎಲ್ಲರೂ ದಿನಕ್ಕೆ ಐವತ್ತು ಸಲ ‘ಏಮೀ ಕಾದು ಲೇಮ್ಮಾ’ ಎಂದು ಸಮಾಧಾನ ಹೇಳಿರುತ್ತಾರೆ. ತರಬೇತಿಯಿಲ್ಲದ ಆಪ್ತಸಮಾಲೋಚಕರೂ ಅದನ್ನೇ ಹೇಳುತ್ತಾರೆ. ಆ ಸಮಾಧಾನವೇ ಇನ್ನೊಂದು ಬಗೆಯ ಕೈತೊಳೆತ. ಅರ್ಧ ಗಂಟೆ ಹಾಯೆನಿಸಿ ಮತ್ತೆ ಬೇಕೆನಿಸುತ್ತದೆ. ಗೀಳಿನ ಚಿಕಿತ್ಸೆ ಬಲ್ಲವರು, ‘ಗೊತ್ತಿಲ್ಲಮ್ಮ. ಆಗಬಹುದು, ಆಗದೇನೂ ಇರಬಹುದು. ಕಾದು ನೋಡೋಣ’ ಎನ್ನುತ್ತಾರೆ. ಕೇಳುವವರಿಗೆ ಇದು ಕಲ್ಲೆದೆಯ ಉತ್ತರವೆನಿಸಬಹುದು. ಪ್ರೀತಿಯಿಂದ ಹೀಗೆ ಹೇಳಲು ಬರುವವರೆಗೆ ಥೆರಪಿಸ್ಟ್ ತಯಾರಾಗಿಲ್ಲವೆಂದೇ ಲೆಕ್ಕ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಯಾವುದನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಜೀವನಪೂರ್ತಿ ಹೇಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆಂದು 1976ರಲ್ಲಿ ಸಮಿತಿಯನ್ನೇ ಮಾಡಿದ್ದರು. ಇ.ಆರ್.ಪಿ. ಕೂಡ ಒಳಗಿನ ಭಯವನ್ನು ಹಾಗೆ ಪರೀಕ್ಷೆಗೊಡ್ಡುವ ಕೆಲಸ. ಎಚ್ಚೆನ್ ಅವರ ಹೆಸರು ಹೇಳಿದರೆ ಈಗಲೂ ಕಣ್ಣರಳಿಸುವ ಮೇಷ್ಟರುಗಳು ಈ ತಾಲ್ಲೂಕುಗಳಲ್ಲಿದ್ದಾರೆ. ಶಾಲೆಗಳಲ್ಲಿ ಗೀಳಿನ ಬಗ್ಗೆ ಮಾತಾಡಲು ಅವರಿಗಿಂತ ಒಳ್ಳೆಯ ಜೊತೆಗಾರರಿಲ್ಲ.

ದೇವರ ವಿಷಯ ಬಂದಾಗ ಮಾತ್ರ ಥೆರಪಿಸ್ಟ್ ತನ್ನ ನಂಬಿಕೆ, ಅಪನಂಬಿಕೆ ಎರಡನ್ನೂ ಬಾಗಿಲಾಚೆ ಇಡಬೇಕು. ಭಕ್ತಿಯನ್ನು ಕಡಿಮೆ ಮಾಡುವುದು ಚಿಕಿತ್ಸೆಯ ಕೆಲಸವಲ್ಲ. ನಮಾಜಿಗೆ ಮುನ್ನ ವುಜೂ ಮಾಡುವಾಗ ಮೂರು ಸಲ ತೊಳೆಯುವುದು ಪದ್ಧತಿ. ಮೂವತ್ತು ಸಲ ತೊಳೆದೂ ಆಗಲಿಲ್ಲವೆಂದು ಜಮಾತಿನ ನಮಾಜು ತಪ್ಪಿಸಿಕೊಳ್ಳುವುದು ಗೀಳು. ಮೂರೇ ಸಾಕೆಂದು ಹೇಳಬೇಕಾದವರು ಇಮಾಮರು, ನಾವಲ್ಲ. ಮಡಿಯ ಮನೆಗಳಲ್ಲೂ ಅಷ್ಟೇ, ಹಿರಿಯರನ್ನೋ ಅರ್ಚಕರನ್ನೋ ಕೇಳಿ ಪದ್ಧತಿಯ ಗೆರೆ ಎಲ್ಲಿದೆ ಎಂದು ಒಂದು ಸಲ, ಒಂದೇ ಸಲ, ತಿಳಿದುಕೊಳ್ಳಬೇಕು. ಎರಡನೇ ಸಲ ಕೇಳಿದರೆ ಅದೂ ಗೀಳಿನ ಪಾಲೇ.

ಇನ್ನು ಭಾಷೆ. ಈ ಜಿಲ್ಲೆಯಲ್ಲಿ ಕಾಗದಪತ್ರ ಕನ್ನಡದಲ್ಲಿ, ಎಷ್ಟೋ ಮನೆಗಳ ಮಾತು ತೆಲುಗಿನಲ್ಲಿ, ಶಿಡ್ಲಘಟ್ಟ, ಚಿಂತಾಮಣಿಯ ಮುಸ್ಲಿಂ ಕೇರಿಗಳಲ್ಲಿ ಉರ್ದು. ನಾಚಿಕೆಯ ಯೋಚನೆಯನ್ನು ಯಾರೂ ಕಲಿತ ಭಾಷೆಯಲ್ಲಿ ಹೇಳುವುದಿಲ್ಲ, ಅಮ್ಮನ ಜೊತೆ ಜಗಳವಾಡುವ ಭಾಷೆಯಲ್ಲೇ ಅದು ಹೊರಬರಬೇಕು. ಇಲ್ಲೇ ಬೆಳೆದವರಿಗೆ ಈ ಮೂರೂ ಬಾಯಿಗೆ ಬರುತ್ತವೆ. ಯಾವ ಪದವಿಯೂ ಕೊಡಲಾಗದ ಅರ್ಹತೆ ಅದು.

ಓದಿನ ದಾರಿ

ಗೀಳಿಗೆಂದೇ ಪ್ರತ್ಯೇಕ ಡಿಗ್ರಿ ಇಲ್ಲ. ಮೊದಲು ಮಾನಸಿಕ ಆರೋಗ್ಯದ ವೃತ್ತಿಪರರಾಗಬೇಕು, ಆಮೇಲೆ ಗೀಳಿನಲ್ಲಿ ಕೈ ಪಳಗಿಸಬೇಕು. ಮುಖ್ಯದಾರಿ ಕ್ಲಿನಿಕಲ್ ಸೈಕಾಲಜಿ. ಪಿಯುಸಿ ನಂತರ ಮನಃಶಾಸ್ತ್ರದಲ್ಲಿ ಬಿ.ಎ. ಅಥವಾ ಬಿ.ಎಸ್ಸಿ., ಅದರ ಮೇಲೆ ಎಂ.ಎ. ಅಥವಾ ಎಂ.ಎಸ್ಸಿ., ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಆಸ್ಪತ್ರೆಯಲ್ಲಿ ಎರಡು ವರ್ಷದ ಎಂ.ಫಿಲ್., ಇದು ಇಷ್ಟು ವರ್ಷ ನಡೆದುಬಂದ ಕ್ರಮ. ಪಿಯುಸಿ ಮುಗಿಸಿದ ಮೇಲೆ ಕಡಿಮೆಯೆಂದರೂ ಏಳು ವರ್ಷ. ಕರ್ನಾಟಕದಲ್ಲಿ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲಗಳಲ್ಲಿ ಈ ತರಬೇತಿ ನಡೆದಿದೆ. ಪ್ರವೇಶ ಪರೀಕ್ಷೆ ಕಠಿಣ, ಸೀಟು ಬೆರಳೆಣಿಕೆಯಷ್ಟು.

ಈಗ ಈ ಕ್ರಮ ಬದಲಾಗುತ್ತಿದೆ. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು; ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025–26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಪಠ್ಯಕ್ರಮಗಳನ್ನು ತರುತ್ತಿದೆ. ಆದ್ದರಿಂದ ಅರ್ಜಿ ಹಾಕುವ ವರ್ಷ ಆರ್‌ಸಿಐ ಜಾಲತಾಣದಲ್ಲಿ ಆ ಕಾಲೇಜು, ಆ ಕೋರ್ಸು ಎರಡೂ ಒಪ್ಪಿಗೆಯ ಪಟ್ಟಿಯಲ್ಲಿವೆಯೇ ಎಂದು ನೋಡಿಯೇ ಹಣ ಕಟ್ಟಿ. ಕಾಲೇಜಿನವರ ಬಾಯಿಮಾತು ಬೇಡ. ಕೋರ್ಸು ಮುಗಿದ ಮೇಲೆ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ನಿಮ್ಮ ಹೆಸರು ಸೇರಿ ಸಿ.ಆರ್.ಆರ್. ಸಂಖ್ಯೆ ಬರಬೇಕು. ಅದಿಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಮೂರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮಾಡಿ ‘ಸೈಕಾಲಜಿಸ್ಟ್’ ಆಗಿ ಎನ್ನುವ ಜಾಹೀರಾತುಗಳು ಫೋನಿನ ತುಂಬ ಓಡಾಡುತ್ತಿವೆ. ಅವಕ್ಕೆ ಬಲಿಯಾಗಬೇಡಿ, ನಿಮ್ಮ ದುಡ್ಡು ಹೋಗುವುದು ಒಂದು ಕಡೆಯಾದರೆ, ಅರೆಬರೆ ಕಲಿತು ಕೂತವರ ಮುಂದೆ ರೋಗಿಯ ವರ್ಷಗಳು ಹೋಗುತ್ತವೆ.

ಬೇರೆ ದಾರಿಗಳೂ ಇವೆ. ಎಂ.ಬಿ.ಬಿ.ಎಸ್. ಓದಿದವರಿಗೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಎಂ.ಎಸ್.ಡಬ್ಲ್ಯು. ಮಾಡಿದವರಿಗೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್, ನರ್ಸಿಂಗ್ ಓದಿದವರಿಗೆ ಮನೋರೋಗ ಶುಶ್ರೂಷೆ. ಇಷ್ಟು ವರ್ಷ ಓದಿಸುವ ಶಕ್ತಿ ಮನೆಯಲ್ಲಿಲ್ಲವೆಂದರೆ ಕೌನ್ಸೆಲಿಂಗ್‌ನಲ್ಲಿ ಎಂ.ಎಸ್ಸಿ. ಮಾಡಿ, ಹಿರಿಯ ಥೆರಪಿಸ್ಟ್ ಒಬ್ಬರ ಮೇಲ್ವಿಚಾರಣೆಯಲ್ಲಿ ಮನೆಗೆ ಹೋಗಿ ಅಭ್ಯಾಸ ಮಾಡಿಸುವ ಸಹಾಯಕರಾಗಬಹುದು. ಚಿಕ್ಕ ಕೆಲಸವೆಂದುಕೊಳ್ಳಬೇಡಿ, ಇ.ಆರ್.ಪಿ. ಗೆಲ್ಲುವುದು ಸೋಲುವುದು ಮನೆಯಲ್ಲೇ. ಆಪ್ತಸಮಾಲೋಚಕರನ್ನೂ ನಿಯಮದಡಿ ತರುವ ರಾಷ್ಟ್ರೀಯ ಕಾಯ್ದೆ 2021ರಲ್ಲಿ ಬಂದಿದೆ.

ಪದವಿ ಕೈಗೆ ಬಂದ ದಿನ ಗೀಳಿನ ಚಿಕಿತ್ಸೆ ಬಂತೆಂದು ತಿಳಿಯಬಾರದು. ಪಠ್ಯದಲ್ಲಿ ಇ.ಆರ್.ಪಿ. ಒಂದು ಅಧ್ಯಾಯ ಮಾತ್ರ. ಮೊದಲ ಹತ್ತು ಹನ್ನೆರಡು ರೋಗಿಗಳನ್ನು ಅನುಭವಿಗಳ ಕಣ್ಗಾವಲಿನಲ್ಲಿ ನೋಡಬೇಕು, ರೋಗಿಯ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣವನ್ನು ಅವರ ಮುಂದಿಟ್ಟು ತಿದ್ದಿಸಿಕೊಳ್ಳಬೇಕು. ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ದೂರದಿಂದಲೇ ಕಲಿಯುವ ಕೋರ್ಸುಗಳನ್ನು ನಡೆಸುತ್ತದೆ. 1986ರಲ್ಲಿ ಶುರುವಾದ ಅಮೆರಿಕದ ಇಂಟರ್‌ನ್ಯಾಷನಲ್ ಓಸಿಡಿ ಫೌಂಡೇಷನ್ ಥೆರಪಿಸ್ಟರಿಗಾಗಿ ತರಬೇತಿ ಕೊಡುತ್ತದೆ. ದುಬಾರಿ, ಆದರೆ ಗಟ್ಟಿ. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಹೇಗೆ ಮಾತಾಡಬೇಕೆಂದು ಕಲಿಯಲು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಓದಿ. ನೂರಾರು ಪುಸ್ತಕ ಬರೆದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಮೊದಲು ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿತ್ತು. ಮನೋವೈದ್ಯವನ್ನು ಕನ್ನಡದಲ್ಲಿ ಹೇಳುವ ದೊಡ್ಡ ಪರಂಪರೆಯೇ ನಮ್ಮ ಬೆನ್ನಿಗಿದೆ.

ಊರಲ್ಲಿ ಕೂತು ಮಾಡುವುದು

ಗೀಳು ಒಂದನ್ನೇ ನಂಬಿ ತಾಲ್ಲೂಕು ಕೇಂದ್ರದಲ್ಲಿ ಹೊಟ್ಟೆ ಹೊರೆಯುವುದು ಶುರುವಿನಲ್ಲಿ ಸಾಧ್ಯವಿಲ್ಲ. ಆತಂಕ, ಖಿನ್ನತೆ, ಮಕ್ಕಳ ಕಲಿಕೆಯ ತೊಂದರೆ ಎಲ್ಲವನ್ನೂ ನೋಡುತ್ತ, ವಾರಕ್ಕೆರಡು ದಿನ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ, ಗೀಳಿನವರಿಗೆಂದು ದಿನ ಮೀಸಲಿಡುವುದು ನಡೆಯಬಹುದಾದ ದಾರಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಒಂದೇ ರೈಲು ಮಾರ್ಗದಲ್ಲಿವೆ, ಬಸ್ಸಿಗಂತೂ ಕೊರತೆಯಿಲ್ಲ. ಒಂದೊಂದು ಊರಿಗೆ ಒಂದೊಂದು ದಿನ ಹಂಚಿಕೊಳ್ಳಬಹುದು. ಗೌರಿಬಿದನೂರು ಇನ್ನೊಂದು ದಿಕ್ಕು, ಅದಕ್ಕೆ ಬೇರೆ ದಿನ. ವಿಡಿಯೊ ಕರೆಯಲ್ಲೂ ಇ.ಆರ್.ಪಿ. ಚೆನ್ನಾಗಿ ನಡೆಯುತ್ತದೆ, ರೋಗಿ ತನ್ನ ಅಡುಗೆಮನೆಯ ನಲ್ಲಿಯ ಮುಂದೆಯೇ ಇರುತ್ತಾರಲ್ಲ. ಹೊರದೇಶದ ಕನ್ನಡ ಕುಟುಂಬಗಳೂ ಹೀಗೆ ತಮ್ಮ ಭಾಷೆಯ ಥೆರಪಿಸ್ಟರನ್ನು ಹುಡುಕುತ್ತವೆ. ಅವರಿಂದ ಬರುವ ಶುಲ್ಕ ಹಳ್ಳಿಯವರಿಗೆ ರಿಯಾಯಿತಿ ಕೊಡಲು ನೆರವಾಗುತ್ತದೆ.

ಸರ್ಕಾರಿ ಕೆಲಸಕ್ಕೂ ಜಾಗವಿದೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು. ಅದರ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಹುದ್ದೆಗಳಿವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ಹೊಸ ಥೆರಪಿಸ್ಟ್ ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಈ ತಂಡವನ್ನು, ಎರಡನೆಯದಾಗಿ ಊರಿನ ಚರ್ಮದ ಡಾಕ್ಟರನ್ನು. ಕೈ ಬಿರಿದವರು ಮೊದಲು ಹೋಗುವುದು ಅಲ್ಲಿಗೇ.

ಗುಟ್ಟಿನ ವಿಷಯ ದೊಡ್ಡದು. ಸಣ್ಣ ಊರಿನಲ್ಲಿ ಯಾರ ಸ್ಕೂಟರ್ ಯಾರ ಮನೆ ಮುಂದೆ ನಿಂತಿದೆ ಎಂಬುದೂ ಸುದ್ದಿ. ‘ಹೆಣ್ಣುಮಗು, ನಾಳೆ ಮದುವೆ ಆಗಬೇಕು’ ಎಂಬ ಮಾತು ಪ್ರತಿ ಎರಡನೇ ಮನೆಯಲ್ಲಿ ಬರುತ್ತದೆ. ಬೋರ್ಡಿನಲ್ಲಿ ರೋಗದ ಹೆಸರು ಬೇಡ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಕಾಲು ಗಂಟೆ ಬಿಡಿ, ಎದುರುಬದುರಾಗುವುದು ತಪ್ಪುತ್ತದೆ. ಮನೆಗೆ ಹೋಗುವಾಗ ಅಕ್ಕಪಕ್ಕದವರಿಗೆ ಏನು ಹೇಳಬೇಕೆಂದು ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ. ದಾರಿಯಲ್ಲಿ ರೋಗಿ ಸಿಕ್ಕರೆ ಅವರು ಮಾತಾಡಿಸದ ಹೊರತು ನೀವಾಗಿ ಮಾತಾಡಿಸಬೇಡಿ, ಈ ಮಾತನ್ನೂ ಮೊದಲ ಭೇಟಿಯಲ್ಲೇ ಅವರಿಗೆ ತಿಳಿಸಿ.

ನಿಮ್ಮ ಮಿತಿಯೂ ಗೊತ್ತಿರಲಿ. ಸೈಕಾಲಜಿಸ್ಟ್ ಮಾತ್ರೆ ಬರೆಯುವಂತಿಲ್ಲ, ಮಾತ್ರೆ ಬಿಡಿ ಎನ್ನುವಂತೆಯೂ ಇಲ್ಲ. ತೀವ್ರ ಗೀಳಿಗೆ ಮಾತ್ರೆ, ಇ.ಆರ್.ಪಿ. ಎರಡೂ ಬೇಕು. ಫ್ಲುಆಕ್ಸೆಟಿನ್, ಸರ್ಟ್ರಲಿನ್, ಎಸಿಟಲೋಪ್ರಾಮ್‌ನಂಥ ಮಾತ್ರೆಗಳು ಗೀಳಿಗೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗಬಹುದು, ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ವಾರಕ್ಕೇ ಮಾತ್ರೆ ಕಸದ ಬುಟ್ಟಿಗೆ. ಸಾಯುವ ಮಾತು ಬಂದರೆ, ಇಲ್ಲದ ದನಿ ಕೇಳುತ್ತಿದೆ ಎಂದರೆ, ಊಟ ನೀರು ಬಿಟ್ಟಿದ್ದರೆ ಅದೇ ದಿನ ಮನೋವೈದ್ಯರ ಬಳಿ ಕಳಿಸಬೇಕು.

ಮನೆಯವರಿಗೆ

ನಿಮ್ಮ ಮನೆಯಲ್ಲಿ ಗೀಳು ಇದ್ದರೆ ಥೆರಪಿಸ್ಟ್ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬೈಯುವುದು ನಿಲ್ಲಿಸಿ, ಅದು ಹಟವಲ್ಲ, ಕಾಯಿಲೆ. ಅವರ ಪರವಾಗಿ ಬೀಗ ನೋಡಿ ಬರುವುದು, ಅವರು ಹೇಳಿದಂತೆ ಮನೆಮಂದಿಯೆಲ್ಲ ಬಟ್ಟೆ ಬದಲಿಸುವುದು ಕಾಯಿಲೆಯನ್ನು ಸಾಕುತ್ತದೆ. ಆದರೆ ಒಂದೇ ದಿನ ಎಲ್ಲವನ್ನೂ ನಿಲ್ಲಿಸಬೇಡಿ, ಅವರಿಗೆ ಹೇಳಿ, ಒಪ್ಪಿಸಿ, ಒಂದೊಂದಾಗಿ ಕಡಿಮೆ ಮಾಡಿ. ನಲ್ಲಿ ಬಂದ್ ಮಾಡಿ ಪಾಠ ಕಲಿಸುವುದು ಕ್ರೌರ್ಯ. ಥೆರಪಿಸ್ಟ್ ಬಳಿ ಹೋದಾಗ ಎರಡು ಪ್ರಶ್ನೆ ಕೇಳಿ: ನಿಮ್ಮ ಆರ್‌ಸಿಐ ನೋಂದಣಿ ಸಂಖ್ಯೆ ಯಾವುದು? ಗೀಳಿಗೆ ಇ.ಆರ್.ಪಿ. ಮಾಡಿಸುತ್ತೀರಾ? ಬರೀ ಧ್ಯಾನ ಮಾಡಿ, ಒಳ್ಳೆಯದನ್ನೇ ಯೋಚಿಸಿ ಎಂದು ಕಳಿಸುವವರಾದರೆ ಬೇರೆಯವರನ್ನು ನೋಡಿ.

ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಕೇಳಿ ಹೋಗಿ. ಮತ್ತೆ, ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಮನಃಶಾಸ್ತ್ರದ ಪುಸ್ತಕ ಹಿಡಿದು ಕೂತಿರುವವರು ಓದು ಮುಗಿಸಿ ಊರಿಗೇ ಬನ್ನಿ. ನಿಮಗಾಗಿ ಕಾಯುತ್ತಿರುವ ಮನೆಗಳು ನಿಮ್ಮ ಬೀದಿಯಲ್ಲೇ ಇವೆ.